ಶಹಾಬಾದಿನ ಕೆಂಪು ಕಾರಿನ ಇಂಜಿನ್ ಸಾಹೇಬರಿಗೆ ಸೇಡಂನ ಬಾಣಂತಿಯ ತಂದೆಯ ಅರಿಕೆ

ಸೇಡಂ,
ದಿನಾಂಕ ೧೧ ಫೆಬ್ರುವರಿ ೧೯೭೫

ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ, ಕುಂಕುಮದಂತೆ ಕೆಂಪಗಿನ ಸ್ಪೋರ್ಟ್ಸ್ ಕಾರಿನ ಮೂತಿಯಲ್ಲಿ ಪ್ರತಿಷ್ಠಾಪಿತರಾಗಿ, ಸದ್ಯಕ್ಕೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗುತ್ತಿಗೆದಾರ ರಾಮಲಿಂಗನ ತಗಡಿನ ಶೆಡ್ಡಿನಲ್ಲಿ ಬಿಜಯಂಗೈದಿರುವ ಇಂಜಿನ್ ಸಾಹೇಬರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ಸೇಡಂ ತಹಸೀಲ ಕಚೇರಿಯೆದುರಿನ ಬೇವಿನ ಗಿಡದ ಕೆಳಗೆ ಮೂವತ್ತೊಂದು ವರ್ಷ ಕುಳಿತು, ಮೊದಮೊದಲು ಉರ್ದುವಿನಲ್ಲಿ, ರಾಜ್ಯ ಒಂದಾದ ಮೇಲೆ ಕನ್ನಡದಲ್ಲಿ, ಊರವರ ದೂರುಗಳನ್ನು ಬರೆದುಕೊಟ್ಟೇ ಬೆರಳು ಸೊಟ್ಟಗಾಗಿರುವ ಅರ್ಜಿ ಬರಹಗಾರ ಕಲ್ಯಾಣಪ್ಪನೆಂಬ ನಾನು, ಜೀವಮಾನದಲ್ಲಿ ಮೊದಲ ಸಲ ನನ್ನ ಸ್ವಂತದ ದೂರೊಂದನ್ನು ಬರೆಯಲು ಕೂತಿದ್ದು, ಅದೂ ತಮ್ಮಂಥ ದೊಡ್ಡವರ ಮೇಲೆಯೇ ಬರೆಯಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಬೇಡಿ, ಶರಣು ಶರಣಾರ್ಥಿಗಳನ್ನು ಸಲ್ಲಿಸುತ್ತೇನೆ. ತಮ್ಮ ಕ್ಷೇಮಸಮಾಚಾರ ಕೇಳುವುದು ವಾಡಿಕೆ. ಆದರೆ ಆ ಸಮಾಚಾರ ವಾರಕ್ಕೆರಡು ಕಾರ್ಡಿನಂತೆ ನಮ್ಮ ಮನೆಗೆ ಬರುತ್ತಲೇ ಇರುವುದರಿಂದ, ತಮ್ಮ ಎಣ್ಣೆಯ ಮಟ್ಟ, ತಮ್ಮ ನೀರಿನ ಶಾಖ, ತಮ್ಮ ಹೊಗೆಯ ಬಣ್ಣ ಮೂರೂ ನನಗೆ ಬಾಯಿಪಾಠವಾಗಿವೆ. ಕಾರ್ಡು ಬರೆಯುವವನು ನನ್ನ ಅಳಿಯ, ಅಂದರೆ ತಮ್ಮ ಮಾಲೀಕ ರಾಮಲಿಂಗ.

ತಾವು ಮುಂಬಯಿಯಿಂದ ರೈಲಿನ ವ್ಯಾಗನ್ನಿನಲ್ಲಿ ಶಹಾಬಾದಿಗೆ ಬಂದಿಳಿದದ್ದು ಡಿಸೆಂಬರ್ ಎಂಟಕ್ಕೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಮಗಳು ವಿಮಲಾ, ತಮ್ಮ ಮಾಲೀಕನ ಕೈಹಿಡಿದ ಹೆಂಡತಿ, ಸೇಡಂನ ನನ್ನ ಮನೆಯಲ್ಲಿ ಹೆಣ್ಣುಕೂಸನ್ನು ಹೆತ್ತದ್ದು ಹನ್ನೊಂದಕ್ಕೆ. ಮೂರು ದಿನದ ಹಿರಿತನ ತಮ್ಮದೇ, ಅದರಲ್ಲಿ ತಕರಾರಿಲ್ಲ. ತಂತಿ ಕಳಿಸಿ, ಬೆಲ್ಲ ಹಂಚಿ, ಅಳಿಯ ಇಂದು ಬಂದಾನು ನಾಳೆ ಬಂದಾನು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ನಾಲ್ಕನೆಯ ದಿನ ಬಂದದ್ದು ಒಂದು ಕಾರ್ಡು. "ಹೆಣ್ಣ ಆಗಿದ್ದು ಕೇಳಿ ಭಾಳ ಖುಷಿ ಆಯ್ತು. ಗಾಡಿ ಇನ್ನಾ ನೂರಾ ಹನ್ನೆರಡು ಕಿಲೋಮೀಟರ್ ಓಡ್ಯಾದ. ಎರಡ ಸಾವಿರ ಆಗೋತನಕ ಹೊಸ ಇಂಜಿನಿಗಿ ತ್ರಾಸ ಕೊಡಬಾರದು ಅಂತ ಪುಸ್ತಕದಾಗ ಅದರಿ. ಕೂಸಿಗಿ ನನ್ನ ಆಶೀರ್ವಾದ." ಶಹಾಬಾದಿನಿಂದ ವಾಡಿಗೆ ಒಂದು ರೈಲು, ವಾಡಿಯಲ್ಲಿ ಇಳಿದು ಚಹ ಕುಡಿದು ಹತ್ತಿದರೆ ಚಿತ್ತಾಪುರದ ಮೇಲೆ ಸೇಡಂಗೆ ಇನ್ನೊಂದು ರೈಲು, ಎರಡಕ್ಕೂ ಇಂಜಿನ್ ಇದೆ, ಎರಡೂ ಹಳೆಯವು, ಎಷ್ಟು ತ್ರಾಸ ಕೊಟ್ಟರೂ ನಡೆಯುತ್ತದೆ, ಎಂದು ನಾನು ಮರುಟಪ್ಪಾಲಿನಲ್ಲಿ ತಿಳಿಸಿದೆ. ಹೊತ್ತು ಮೂಡುವ ಮುಂಚೆ ತಮ್ಮನ್ನು ಚಾಲೂ ಮಾಡಿ ಬೆಚ್ಚಗೆ ಮಾಡಬೇಕು, ಆ ಕೆಲಸ ಬೇರೆಯವರ ಕೈಗೆ ಕೊಟ್ಟರೆ ಇಂಜಿನ್ನಿನ ಸ್ವಭಾವ ಕೆಡುತ್ತದೆ, ಎಂದು ಉತ್ತರ ಬಂತು.

ಅಬ್ಬಾ, ತಮಗೆ ನಡೆಯುತ್ತಿದ್ದ ಆ ಆರೈಕೆಯೇ! ಶಹಾಬಾದಿನಿಂದ ಬಂದವರೆಲ್ಲ ಕಥೆ ಕಥೆಯಾಗಿ ಹೇಳಿದರು. ಮದುವೆಯಲ್ಲಿ ನನ್ನ ಹೆಂಡತಿ ಗುರುಲಿಂಗಮ್ಮ ಅಳಿಯನಿಗೆಂದು ಕೊಟ್ಟಿದ್ದ ಉಣ್ಣೆಯ ಕಂಬಳಿ ರಾತ್ರಿಯೆಲ್ಲ ತಮ್ಮ ಮೈಮೇಲೆ ಇರುತ್ತಿತ್ತಂತೆ. ಬೆಳಗಾದರೆ ಅದನ್ನು ಮೆಲ್ಲಗೆ ಸರಿಸಿ, ಚಾಲೂ ಮಾಡಿ, ಮುಚ್ಚಳಕ್ಕೆ ಕಿವಿ ಹಚ್ಚಿ ನಿಂತು, ಶಾಖದ ಮುಳ್ಳು ಏಳುವತನಕ ಯಾರೂ ಮಾತಾಡದಂತೆ ಕೈಸನ್ನೆ ಮಾಡುತ್ತಿದ್ದನಂತೆ. ಗಂಟೆಗೆ ನೂರಾ ಅರವತ್ತು ಕಿಲೋಮೀಟರ್ ಹಾರಬಲ್ಲ ತಾವು, ಬೆಳಗಿನ ತಂಪಿನಲ್ಲಿ ಮೊದಲ ಫರ್ಲಾಂಗನ್ನು ಎಷ್ಟು ಗಂಭೀರವಾಗಿ ನಡೆದಿರೆಂದರೆ, ಫರ್ಸಿ ಹೇರಿದ ಬಂಡಿಯವನೊಬ್ಬ ಬೀಡಿಗೆ ಬೆಂಕಿ ಕೇಳುತ್ತ ತಮ್ಮ ಪಕ್ಕದಲ್ಲೇ ನಡೆದುಕೊಂಡು ಬಂದು, ಬೀಡಿ ಹಚ್ಚಿಕೊಂಡು, ಎರಡು ದಮ್ಮು ಎಳೆದು, ಎತ್ತುಗಳಿಗೆ "ನಡೀರಪಾ, ನಮಗ ಕೆಲಸ ಅದ" ಎಂದು ಹೇಳಿ ಮುಂದೆ ಹೋದನಂತೆ. ಇಷ್ಟು ಸಹನೆ ಇರುವ ಯಂತ್ರವನ್ನು ನಾನು ಕಂಡಿಲ್ಲ.

ಇದೆಲ್ಲ ಹೋಗಲಿ ಎನ್ನೋಣ. ಹತ್ತನೆಯ ದಿನ ನನ್ನ ಹೆಸರಿಗೆ ಒಂದು ರಿಜಿಸ್ಟರ್ ಟಪ್ಪಾಲು ಬಂತು. ಮಗಳಿಗೆ ಸೀರೆಯೋ ಮೊಮ್ಮಗಳಿಗೆ ಕುಲಾಯಿಯೋ ಇರಬೇಕೆಂದು ಹೆಂಡತಿಯನ್ನು ಕರೆದು ಅವಳೆದುರಿಗೇ ಬಿಚ್ಚಿದೆ. ಒಳಗೆ ಇದ್ದದ್ದು ತಮ್ಮ ಪುಸ್ತಕ, ಇಂಗ್ಲಿಷಿನದು. ಜೊತೆಗೊಂದು ಚೀಟಿ: "ಮಾವಾರೀ, ನಿಮ್ಮ ಬರವಣಿಗಿ ಛಂದ ಅದ. ಇಂಜಿನ್ ಹೊಸದಾಗಿದ್ದಾಗ ಹೆಂಗ ನೋಡಿಕೋಬೇಕು ಅನ್ನೋ ಪಾನು ಅಷ್ಟು ಕನ್ನಡದಾಗ ಬರದು ಕಳಸ್ರಿ, ಶೆಡ್ಡಿನ ಗ್ವಾಡಿಗಿ ಹಚ್ಚತೀನಿ." ಮೆಟ್ರಿಕ್ಕಿನ ಇಂಗ್ಲಿಷ್ ನನಗೆ ಸಾಕಷ್ಟಿದೆ, ಸಿಟ್ಟೂ ಸಾಕಷ್ಟಿತ್ತು, ಆದರೆ ಕೈಗೆ ಬಂದ ಕಾಗದವನ್ನು ಬರೆಯದೆ ಬಿಡುವ ಅಭ್ಯಾಸ ಈ ಬೆರಳಿಗಿಲ್ಲ. ಬರೆದೆ. ಬರೆದ ಪುಟವನ್ನು ನನ್ನ ರೂಢಿಯಂತೆ ಒಮ್ಮೆ ಗಟ್ಟಿಯಾಗಿ ಓದಿದೆ. ಮೊದಲ ಅವಧಿಯಲ್ಲಿ ಭಾರ ಹೊರಿಸತಕ್ಕದ್ದಲ್ಲ. ಮುಂಜಾನೆಯ ತಂಪಿನಲ್ಲಿ ಕೂಡಲೇ ಕೆಲಸಕ್ಕೆ ಹಚ್ಚದೆ, ಮೈ ಬೆಚ್ಚಗಾಗುವತನಕ ಸಾವಕಾಶ ಬಿಡತಕ್ಕದ್ದು. ಅವಸರಪಡಿಸತಕ್ಕದ್ದಲ್ಲ. ಏರುದಾರಿಯಲ್ಲಿ ಏದುಸಿರು ಕೇಳಿಬಂದರೆ ಹೊರೆ ಇಳಿಸತಕ್ಕದ್ದು. ಎಣ್ಣೆ, ನೀರು ದಿನಾಲು ತಪ್ಪದೆ ನೋಡತಕ್ಕದ್ದು. ಹೊಸ ಸಪ್ಪಳ ಏನು ಕೇಳಿದರೂ ಅಲಕ್ಷಿಸದೆ ಕಿವಿಗೊಡತಕ್ಕದ್ದು. ದಣಿದು ಬಂದಾಗ ತಟ್ಟನೆ ನಿಲ್ಲಿಸದೆ, ಐದು ನಿಮಿಷ ತಾನಾಗಿ ಶಾಂತವಾಗಲು ಬಿಡತಕ್ಕದ್ದು.

ಒಳಗಿನ ಕೋಣೆಯಲ್ಲಿ ಆಗ ಸೂಲಗಿತ್ತಿ ಹಮೀದಾಬೇಗಂ ಇದ್ದಳು. ನನ್ನ ಮಗಳನ್ನು ಇಪ್ಪತ್ತೆರಡು ವರ್ಷದ ಹಿಂದೆ ಹೊರತೆಗೆದವಳೂ ಅವಳೇ, ಈಗ ಮೊಮ್ಮಗಳನ್ನು ಹೊರತೆಗೆದವಳೂ ಅವಳೇ. ಬಾಣಂತಿಗೆ ಎರೆದು, ಹೊರಸಿನ ಕೆಳಗೆ ಕೆಂಡದ ಬುಟ್ಟಿ ಇಟ್ಟು, ಅಜವಾನದ ಹೊಗೆ ಹಾಕುತ್ತ ಕುಳಿತಿದ್ದವಳು ನನ್ನ ಓದನ್ನು ಪೂರ್ತಿ ಕೇಳಿ, ಸೆರಗಿನಿಂದ ಬೆವರು ಒರೆಸಿಕೊಂಡು ಹೊಸ್ತಿಲಿಗೆ ಬಂದಳು. "ಯಾವ ದವಾಖಾನಿ ಡಾಕ್ಟರ್ರಿ ಇದು ಬರದಾಂವ? ನಲವತ್ತ ವರ್ಷ ಆಯ್ತು, ಬಾಣಂತಿಗಿ ಹಿಂಗ ನೋಡಿಕೋರಿ ಅಂತ ನಾ ಬಡಕೊಳ್ಳಿಕತ್ತೀನಿ, ಒಬ್ಬ ಗಂಡಸರೆ ಕೇಳ್ಯಾನೇನು? ಖುದಾ ಅವನ ಹೊಟ್ಟಿ ತಣ್ಣಗ ಇಡ್ಲಿ." ಅದು ಡಾಕ್ಟರು ಬರೆದದ್ದಲ್ಲ, ಕಾರು ಮಾಡುವವರು ಬರೆದದ್ದು, ಬಾಣಂತಿಗಲ್ಲ, ಇಂಜಿನ್ನಿಗೆ, ಎಂದು ನಾನು ಹೇಳಿದಾಗ ಅವಳು ಮೂಗಿನ ಮೇಲೆ ಬೆರಳಿಟ್ಟು ನನ್ನನ್ನೂ ಕಾಗದವನ್ನೂ ನೋಡಿದಳು. ಒಳಗೆ ವಿಮಲಾ ನಗುವುದು ಕೇಳಿಸಿತು. ನಕ್ಕು ನಕ್ಕು, ಆ ನಗೆ ಹಾಗೆಯೇ ಅಳುವಾಯಿತು. ನಾನು ಬಾಗಿಲ ಹತ್ತಿರ ಹೋಗಿ ನಿಂತರೆ ಅವಳು ಅಂದದ್ದು ಇಷ್ಟೇ: "ಅಪ್ಪಾ, ಅವ್ರಿಗಿ ಇವೆಲ್ಲಾ ತಿಳಿಯಂಗಿಲ್ಲ ಅಂತ ತಿಳಕೊಂಡಿದ್ದೆ. ತಿಳೀತದ. ನೋಡ್ರಿ, ಎಲ್ಲಾ ತಿಳೀತದ." ಮಾನ್ಯರೇ, ನನಗೆ ಆಗ ಆದ ಸಂಕಟವನ್ನು ಅಳೆಯುವ ಮುಳ್ಳು ತಮ್ಮಲ್ಲಿ ಯಾವುದೂ ಇಲ್ಲ.

ಹದಿಮೂರನೆಯ ದಿನ, ಸೋಮವಾರ, ಕೂಸನ್ನು ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ಹೆಸರು ಕರೆಯಬೇಕಾದ ಸೋದರತ್ತೆ, ರಾಮಲಿಂಗನ ಅಕ್ಕ ಮಹಾದೇವಮ್ಮ, ಹಿಂದಿನ ದಿನವೇ ಚಿಂಚೋಳಿಯಿಂದ ಬಸ್ಸಿನಲ್ಲಿ ಬಂದಳು. ತೊಟ್ಟಿಲಿಗೂ ಬಾರದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವಳು ಖಡಕ್ಕಾಗಿ ಹೇಳಿ ಕಳಿಸಿದ್ದರಿಂದ, ತಮ್ಮ ಸವಾರಿಯೂ ಹೊರಟಿತು. ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್ ದಾರಿ. ಆರಕ್ಕೆ ಶಹಾಬಾದ ಬಿಟ್ಟವರು ವಾಡಿಯಲ್ಲಿ ಒಂದು ತಾಸು ತಣ್ಣಗಾದಿರಿ, ಚಿತ್ತಾಪುರದಲ್ಲಿ ಒಂದು ತಾಸು ತಣ್ಣಗಾದಿರಿ, ನಡುವೆ ಹೊಲದ ಬದುವಿನಲ್ಲಿ ಸುಮ್ಮನೆ ಅರ್ಧ ತಾಸು ತಣ್ಣಗಾದಿರಿ. ಹಿಂದಿನಿಂದ ಬಂದ ಸೇಡಂ ಬಸ್ಸು ತಮ್ಮನ್ನು ದಾಟಿ ಬಂದು, ಅದರಿಂದಿಳಿದವರು ನಮ್ಮ ಮನೆಗೇ ಬಂದು, "ನಿಮ್ಮ ಅಳಿಯಾರು ಬರ್ಲಿಕತ್ತಾರ್ರಿ, ಏನೂ ಕಾಳಜಿ ಮಾಡಬ್ಯಾಡ್ರಿ, ಸಂಜಿತನ ಬರ್ತಾರ" ಎಂದು ಗುಗ್ಗರಿ ತಿಂದು ಹೋದರು.

ಹನ್ನೊಂದೂವರೆಗೆ ಮುಹೂರ್ತ. ಅದಕ್ಕೆ ಸರಿಯಾಗಿ ಐದು ನಿಮಿಷವಿರುವಾಗ ತಾವು ನಮ್ಮ ಓಣಿಯನ್ನು ಪ್ರವೇಶಿಸಿದಿರಿ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎಲ್ಲ ಸಿಟ್ಟೂ ಮರೆತು, ಆರತಿಯವರನ್ನು ಕೂಗಿ, ನಾನೇ ಕಟ್ಟೆ ಇಳಿದು ಹೋದೆ. ಆದರೆ ಅಳಿಯ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಒಂದು ಕೈ ಮಾತ್ರ ಹೊರಗೆ ಬಂತು, ಐದು ಬೆರಳು ಬಿಡಿಸಿ. ದಣಿದು ಬಂದಾಗ ತಟ್ಟನೆ ನಿಲ್ಲಿಸದೆ, ಐದು ನಿಮಿಷ. ಆ ವಾಕ್ಯ ನಾನೇ ಬರೆದುಕೊಟ್ಟದ್ದು, ಮಾನ್ಯರೇ, ಅಂದವಾದ ಅಕ್ಷರದಲ್ಲಿ. ಹೊರಗೆ ತಾವು ಶಾಂತವಾಗುತ್ತ ಗುರುಗುಡುತ್ತಿದ್ದಿರಿ, ಒಳಗೆ ಮುಹೂರ್ತ ಮೀರುತ್ತಿತ್ತು, ನಾನು ಮಾತ್ರ ನಡುಬೀದಿಯಲ್ಲಿ ರುಮಾಲು ಸುತ್ತಿಕೊಂಡು ನಿಂತಿದ್ದೆ.

ಒಳಗೆ ನಡೆದದ್ದನ್ನು ಗುರುಲಿಂಗಮ್ಮ ಹೇಳಿದ್ದಾಳೆ. "ನಮ್ಮ ತಮ್ಮ ಏನ್ ಹೆಸರ ಅಂದಾನ?" ಎಂದು ಮಹಾದೇವಮ್ಮ ಕೇಳಿದಳು. ಅವನು ಯಾವ ಕಾರ್ಡಿನಲ್ಲಿಯೂ ಒಂದು ಹೆಸರು ಬರೆದಿರಲಿಲ್ಲ. ವಿಮಲಾ ಬಾಗಿಲ ಕಡೆ ನೋಡಿದಳು. ಆಮೇಲೆ ಮಹಾದೇವಮ್ಮನನ್ನು ಹತ್ತಿರ ಕರೆದು ಒಂದು ಹೆಸರು ಹೇಳಿದಳು. ಅತ್ತೆ ಬಾಗಿ ಅದನ್ನೇ ಕೂಸಿನ ಕಿವಿಯಲ್ಲಿ ಹೇಳಿದಳು. ಹೆಂಗಸರು ಪದ್ಧತಿಯಂತೆ ಅತ್ತೆಯ ಬೆನ್ನಿಗೆ ಗುದ್ದಿ ನಕ್ಕರು. ಅಷ್ಟರಲ್ಲಿ ತಮ್ಮ ಸದ್ದು ನಿಂತಿತು. ವಿಮಲಾ ಎದ್ದು ಕೂತು, "ಎಲ್ಲಾರಿಗೂ ಕೈ ಮುಗೀತೀನಿ, ಈ ಹೆಸರ ಇಲ್ಲೇ ಇರ್ಲಿ, ಅವ್ರಿಗಿ ಯಾರೂ ಹೇಳಬ್ಯಾಡ್ರಿ" ಅಂದಳು. ರಾಮಲಿಂಗ ಕೈಯಲ್ಲಿ ಒರೆಸುವ ಅರಿವೆ ಹಿಡಿದುಕೊಂಡು, ಹಲ್ಲು ಕಿಸಿದು, "ಏನ್ ಹೆಸರ ಇಟ್ರಿ?" ಎನ್ನುತ್ತ ಒಳಗೆ ಬಂದ. ಮೂವತ್ತು ಹೆಂಗಸರು ಒಟ್ಟಿಗೇ ಗುಗ್ಗರಿಯ ಕಡೆ ತಿರುಗಿದರು. "ಕೂಸು ನಿಮ್ಮ ಹೆಗಲ ಮ್ಯಾಲ ನಿದ್ದಿ ಹೋದ ದಿನ ಹೇಳ್ತೀನಿ" ಎಂದಳು ನನ್ನ ಮಗಳು, "ಅಲ್ಲೀತನ ನಾ ಶಹಾಬಾದಿಗೂ ಬರಂಗಿಲ್ಲ."

ನನ್ನ ಹೆಂಡತಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ. ಅವಳೂ ಸೇರಿ ಸೇಡಂನ ಮೂವತ್ತು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡದ್ದನ್ನು ನಾನು ಈ ಕಣ್ಣಿನಿಂದ ನೋಡಿದೆ. ನನಗೇ ಮೂರು ದಿನ ಹೇಳಲಿಲ್ಲ. ಅಳಿಯ ಅಕ್ಕನಿಗೆ ಒಂದು ಇಳಕಲ್ ಸೀರೆ ಒಯ್ದು ಕೊಟ್ಟ. ಮಹಾದೇವಮ್ಮ ಸೀರೆ ಉಟ್ಟುಕೊಂಡಳು, ಹೆಸರು ಹೇಳಲಿಲ್ಲ. ಪುರಸಭೆಗೆ ಹೋಗಿ ಜನನದ ರಿಜಿಸ್ಟರು ತೆಗೆಸಿದ. ಹೆಸರಿನ ಜಾಗ ಖಾಲಿ ಇತ್ತು, ಖಾಲಿ ಬಿಡಿಸಿದವನು ನಾನೇ. ಕಡೆಗೆ ಬೇವಿನ ಗಿಡದ ಕೆಳಗೇ ಬಂದು ನನ್ನೆದುರು ಕೂತ, ತನ್ನ ಮಗಳ ಹೆಸರು ತನಗೆ ತಿಳಿಸಬೇಕೆಂದು ವಿಮಲಾಳಿಗೆ ಒಂದು ಅರ್ಜಿ ಬರೆದುಕೊಡಿ ಎಂದ. ಅರ್ಜಿದಾರ ಎಂದು ಬರೆಯತೊಡಗಿದವನು, ಮುಂದೆ ಬರೆಯಲಾರದೆ ಲೇಖನಿ ಕೆಳಗಿಟ್ಟೆ. ತಮಾಷೆ ಅಲ್ಲ, ಮಾನ್ಯರೇ. ಹಟ ಹಿಡಿದರೆ ನನ್ನ ಮಗಳು ಬಿಡುವವಳಲ್ಲ, ಇವನಿಗೋ ತಾವು ಬಿಟ್ಟರೆ ಲೋಕವಿಲ್ಲ, ಇವಳ ಸಂಸಾರ ಇಲ್ಲೇ ನಿಂತುಹೋಗುತ್ತದೆಯೋ ಏನೋ ಎಂದು ನನಗೆ ನಿಜವಾಗಿ ಹೆದರಿಕೆ ಹತ್ತಿತು.

ಆಮೇಲೆ ಮೂರು ಭಾನುವಾರ ತಾವೇ ಅವನನ್ನು ಕರೆತಂದಿರಿ. ಬಿಸಿ ರೇಡಿಯೇಟರಿನ ಮುಚ್ಚಳ ಹಿಡಿದವನಂತೆ ಕೂಸನ್ನು ಮೈಯಿಂದ ಒಂದು ಮೊಳ ದೂರ ಹಿಡಿಯುತ್ತಿದ್ದ, ಅದು ಓಣಿಯ ಕೊನೆಗೆ ಕೇಳುವಂತೆ ಕಿರುಚುತ್ತಿತ್ತು, ಅದರ ಎದೆಗೆ ಕಿವಿ ಹಚ್ಚಿ, "ಉಸಿರು ಸರಿ ಅದ ಏನ್ರಿ?" ಎಂದು ಗಾಬರಿಯಿಂದ ಕೇಳಿ, ತಾಯಿಗೆ ಕೊಟ್ಟು, ಕತ್ತಲಾಗುವುದರೊಳಗೆ ತಮ್ಮನ್ನು ಶೆಡ್ಡಿಗೆ ಸೇರಿಸಬೇಕೆಂದು ಎದ್ದುಬಿಡುತ್ತಿದ್ದ. "ಬಾಬಾ, ನಿಮ್ಮ ಮೈಯೆಲ್ಲಾ ಪೆಟ್ರೋಲ್ ವಾಸನಿ. ಕೂಸ ಹೆಂಗ ಮಲಗ್ತದ?" ಎಂದು ಹಮೀದಾಬೇಗಂ ಮುಖದ ಮೇಲೆಯೇ ಅಂದಳು. ಮೂರನೆಯ ಸಲ ಹೋಗುವಾಗ ಅವನು ಕಟ್ಟೆಯ ಹತ್ತಿರ ನಿಂತು ನನಗೊಬ್ಬನಿಗೇ ಹೇಳಿದ: "ಮಾವಾರೀ, ಇಂಜಿನಿಗಿ ಪುಸ್ತಕ ಅದ. ಎಷ್ಟ ಬೆಚ್ಚಗ, ಎಷ್ಟ ಸಾವಕಾಶ, ಎಲ್ಲಾ ಬರದಾರ. ಇದಕ್ಕೇನದರಿ? ನಾ ಹಿಡಿದ್ರ ಮುರೀತದೇನೋ ಅಂತ ನನಗ ಭಾಳ ಅಂಜಿಕಿ ಬರ್ತದ." ಮೂವತ್ತು ಕೂಲಿಗಳು ಎತ್ತಲಾರದ ಕಲ್ಲನ್ನು ಹಾರೆ ಹಾಕಿ ಮಗುಚುವ ಕೈಗಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡ. ಅವನನ್ನು ಬೈಯುವುದು ಬಿಟ್ಟು, ತಮಗೇ ಬರೆಯೋಣವೆಂದು ಕಾಗದ ತೆಗೆದೆ.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ತಾವು ಹೇಗೂ ಎರಡು ಸಾವಿರ ಪೂರೈಸುವತನಕ ಎಳೆಯರೇ ಆಗಿರುವುದರಿಂದ, ಎಳೆಯರು ಮಾಡುವ ಉಳಿದ ಕೆಲಸಗಳನ್ನೂ ದಯಮಾಡಿ ನೆರವೇರಿಸತಕ್ಕದ್ದು. ಅಂದರೆ ಕುಡಿದದ್ದನ್ನು ಮಾಲೀಕನ ಹೊಸ ಅಂಗಿಯ ಮೇಲೆ ಕಕ್ಕತಕ್ಕದ್ದು, ಕಾರಣವಿಲ್ಲದೆ ಮೂರು ತಾಸು ಅತ್ತು, ಕಾರಣವಿಲ್ಲದೆ ನಗತಕ್ಕದ್ದು, ಅವನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದು ಬಿಡದಿರತಕ್ಕದ್ದು. ಇವು ತಮ್ಮಿಂದ ಆಗದಿದ್ದರೆ, ಇವು ಬಲ್ಲವರೊಬ್ಬರು ಸೇಡಂನಲ್ಲಿ ಇದ್ದಾರೆಂದು ಅವನಿಗೆ ತಿಳಿಸಿ, ಕೆಲಕಾಲ ತಾವಾಗಿಯೇ ಕೆಟ್ಟು ನಿಲ್ಲತಕ್ಕದ್ದು.

ಇಷ್ಟು ಬರೆದು ಕಾಗದ ಮಡಚಿಟ್ಟಿದ್ದೆ. ಮುಂದಿನದನ್ನು ಬರೆಯಲು ನನಗೆ ಅಷ್ಟೇನೂ ಮನಸ್ಸಿಲ್ಲ, ಆದರೆ ಅರ್ಜಿಯಲ್ಲಿ ಸುಳ್ಳು ಬರೆದವನಲ್ಲ ನಾನು. ಮೊನ್ನೆ ಭಾನುವಾರ ರಾಮಲಿಂಗ ರೈಲಿನಲ್ಲಿ ಬಂದ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ವಾಡಿಯಲ್ಲಿ ಎರಡು ತಾಸು ಗಾಡಿ ಕಾದು ಬಂದಿದ್ದ. ಮಧ್ಯಾಹ್ನ ಕೂಸು ಅಳಲು ಸುರು ಮಾಡಿತು. ಎಂದಿನಂತೆ ವಿಮಲಾ ಓಡಿ ಬರಲಿಲ್ಲ. ಬಾಗಿಲ ಹಿಂದೆ ಅವಳ ಸೆರಗು ಮಾತ್ರ ಕಾಣುತ್ತಿತ್ತು. ಅವನು ಅತ್ತ ನೋಡಿದ, ಇತ್ತ ನೋಡಿದ, ಎತ್ತಿಕೊಂಡ. ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ಜೋಗುಳ ಬಾರದು, ಕರೆಯಲು ಹೆಸರೂ ಗೊತ್ತಿಲ್ಲ. ಆಗ ಅವನ ಎದೆಯಾಳದಿಂದ ಒಂದು ದನಿ ಹೊರಟಿತು, ತಗ್ಗಿನದು, ಒಂದೇ ಸಮನಾದದ್ದು, ಎಲ್ಲಿಯೂ ತಪ್ಪದದ್ದು. ಅದು ತಮ್ಮ ದನಿ, ಮಾನ್ಯರೇ. ಎರಡು ತಿಂಗಳು ಕಿವಿ ಹಚ್ಚಿ ಕಲಿತದ್ದು ಅದೊಂದೇ ಹಾಡು ಅವನು. ಅರ್ಧ ತಾಸು ಅವನು ಹಾಗೆಯೇ ಗುರುಗುಟ್ಟುತ್ತ ನಡೆದ. ಕೂಸು ಮೊದಲು ಬಿಕ್ಕಿತು, ಆಮೇಲೆ ಸುಮ್ಮನಾಯಿತು, ಆಮೇಲೆ ಬಾಯಿ ತೆರೆದುಕೊಂಡು ಅವನ ಹೆಗಲ ಮೇಲೆ 'ಸೊರ್' ಎಂದು ನಿದ್ದೆ ಹೋಯಿತು. "ಈಗ ನೋಡ್ರಿ, ಬಾಪ ಆದ" ಎಂದಳು ಹಮೀದಾಬೇಗಂ.

ವಿಮಲಾ ಹೊರಗೆ ಬಂದಳು. ಅವನು ಎತ್ತರದವನು, ಇವಳು ಗಿಡ್ಡ. ತುದಿಗಾಲಿನ ಮೇಲೆ ನಿಂತು, ಕೈ ಅಡ್ಡ ಹಿಡಿದು, ಅವನ ಕಿವಿಯಲ್ಲಿ ಹೇಳಿದಳು. ಅವನು ಅಲುಗಲಿಲ್ಲ, ಕೂಸು ಎದ್ದೀತೆಂದು. ತುಟಿಯಲ್ಲೇ ಎರಡು ಸಲ ಆ ಹೆಸರು ಅಂದುಕೊಂಡ. ಕಣ್ಣೀರು ಇಳಿದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನಗೂ ನೋಡಲಾಗದೆ, ಏನೋ ಕೆಲಸವಿದ್ದವನಂತೆ ಹಿತ್ತಲಿಗೆ ಹೋದೆ. ಸಂಜೆಯ ಗಾಡಿ ಹೋಯಿತು, ಅವನು ಹೋಗಲಿಲ್ಲ. ಇಂದಿಗೆ ಮೂರನೆಯ ದಿನ, ತಮ್ಮನ್ನು ಯಾರೂ ಬೆಚ್ಚಗೆ ಮಾಡಿಲ್ಲ. ಹೋಳಿ ಹುಣ್ಣಿವೆಗೆ ಮಗಳನ್ನೂ ಮೊಮ್ಮಗಳನ್ನೂ ಶಹಾಬಾದಿಗೆ ಕಳಿಸುವುದೆಂದು ಮಾತಾಗಿದೆ, ರೈಲಿನಲ್ಲಿ.

ಹೀಗಿರುವಾಗ ಮೇಲಿನ ದೂರನ್ನು ನಾನು ಹಿಂದಕ್ಕೆ ಪಡೆಯಬೇಕೆಂದು ಅಳಿಯನ ಅಭಿಪ್ರಾಯ. ಮೂವತ್ತೊಂದು ವರ್ಷದಲ್ಲಿ ಬರೆದ ಅರ್ಜಿಯನ್ನು ನಾನು ಹರಿದವನಲ್ಲ. ದೂರೂ ಇರಲಿ, ಅದರ ಕೆಳಗೆ ಉಪಕಾರ ಸ್ಮರಣೆಯೂ ಇರಲಿ, ಎರಡಕ್ಕೂ ಒಂದೇ ಸಹಿ ಸಾಕು.

ತಮ್ಮ ಉಳಿದ ಕಿಲೋಮೀಟರುಗಳು ಯಾವ ಅವಸರವೂ ಇಲ್ಲದೆ ಎಂದಾದರೊಂದು ದಿನ ಮುಗಿಯಲೆಂದು ಹಾರೈಸುತ್ತ, ಕೊಟ್ಟ ಕಂಬಳಿಯನ್ನು ಮರಳಿ ನಿರೀಕ್ಷಿಸುವ,

ತಮ್ಮ ವಿಶ್ವಾಸಿ,
ಕಲ್ಯಾಣಪ್ಪ
ಅರ್ಜಿ ಬರಹಗಾರ, ಸೇಡಂ

ತಾ.ಕ.: ಇದನ್ನು ಅಚ್ಚು ಹಾಕುವ ಪತ್ರಿಕೆಯವರು ಮೊಮ್ಮಗಳ ಹೆಸರನ್ನೂ ಕೇಳಿದ್ದರು. ತಾವೂ ಓದುತ್ತೀರೆಂಬ ಕಾರಣಕ್ಕೆ ಕೊಟ್ಟಿಲ್ಲ. ಬೇಕಿದ್ದರೆ ತಾವು ಖುದ್ದಾಗಿ ಬಂದು, ಅಳುವ ಕೂಸನ್ನು ಅರ್ಧ ತಾಸು ಹೆಗಲ ಮೇಲೆ ಹೊತ್ತು ಮಲಗಿಸಿ, ಅವಳ ತಾಯಿಯಿಂದ ಕೇಳಿ ತಿಳಿದುಕೊಳ್ಳತಕ್ಕದ್ದು.